ಸೀಲ್ ಅಂಗಡಿಯಲ್ಲಿ ಹುಟ್ಟುಹಬ್ಬದ ಶುಭಾಶಯ

ಗ್ರೀಟಿಂಗ್ ಕಾರ್ಡ್ ಮಾಡೋಕೆ ಅಂತ ಸಿಗೋ, ಇಂಕ್ ಹಚ್ಚಿ ಒತ್ತೋ ರಬ್ಬರ್ ಸ್ಟಾಂಪ್ ಸೆಟ್ ಯಾವುದಾದ್ರೂ ಒಂದು ತೆಗೆದು ನೋಡಿ. ಹಿಮದ ಹರಳು, ಪೈನ್ ಮರ, ಜಿಂಕೆ ಗಾಡಿ, ಉಣ್ಣೆ ಟೋಪಿ ಹಾಕ್ಕೊಂಡಿರೋ ಕರಡಿ, ಜೊತೆಗೆ ಇಂಗ್ಲಿಷಲ್ಲಿ ಹ್ಯಾಪಿ ಬರ್ತ್‌ಡೇ, ಥ್ಯಾಂಕ್ಯೂ, ಸೀಸನ್ಸ್ ಗ್ರೀಟಿಂಗ್ಸ್. ಚೆನ್ನಾಗೇ ಇರುತ್ತೆ, ಇಲ್ಲ ಅನ್ನಲ್ಲ, ಆದ್ರೆ ದಾವಣಗೆರೆಯಲ್ಲಿರೋ ನಮ್ಮ ಅತ್ತೆಗೆ ಸಂಕ್ರಾಂತಿಗೆ ಹಿಮದಲ್ಲಿ ನಿಂತಿರೋ ಕರಡಿ ಕಳಿಸಿ ಏನ್ ಮಾಡೋದು ಹೇಳಿ. ಅವರು ಫೋನ್ ಮಾಡಿ "ಇದ್ಯಾವ ಹಬ್ಬದ್ದೇ?" ಅಂತಾರೆ, ಕೇಳೋದು ನ್ಯಾಯಾನೇ.

ಹಾಗಾಗಿ ನಾನು ಬಹಳ ಕಾಲದಿಂದ ಹೇಳ್ತಾ ಬಂದಿರೋದು ಒಂದೇ. ಅಚ್ಚು ಒತ್ತಿ ವಾಟರ್ ಕಲರ್ ತುಂಬಿ ಕಾರ್ಡ್ ಮಾಡೋರಾದ್ರೆ, ಸ್ಟಾಂಪಿಗೆ ಅಂತ ಎತ್ತಿಟ್ಟಿರೋ ದುಡ್ಡನ್ನ ಪೇಪರ್‌ಗೆ ಹಾಕಿ, ಸ್ಟಾಂಪನ್ನ ಸೀಲ್ ಅಂಗಡಿಯಲ್ಲಿ ಮಾಡಿಸಿ. ಹೌದು, ಅದೇ ಸೀಲ್ ಅಂಗಡಿ, ಕೋರ್ಟು, ತಾಲ್ಲೂಕ್ ಆಫೀಸು, ಸಬ್ ರಿಜಿಸ್ಟ್ರಾರ್ ಆಫೀಸ್ ಇರೋ ಕಡೆಯೆಲ್ಲ ಜೆರಾಕ್ಸ್ ಅಂಗಡಿ ಪಕ್ಕ ಒಂದು ಸಣ್ಣ ಡಬ್ಬಾ ಇರುತ್ತಲ್ಲ, ಗಾಜಿನೊಳಗೆ ಮರದ ಹಿಡಿ ಸೀಲುಗಳು ಸಾಲಾಗಿ ನಿಂತಿರುತ್ವೆ, ಅದು. ಬೆಂಗಳೂರಲ್ಲಾದ್ರೆ ಅವೆನ್ಯೂ ರೋಡು, ಚಿಕ್ಕಪೇಟೆ ಕಡೆ ಕೇಳಿದ್ರೆ ತೋರಿಸ್ತಾರೆ. ಬೇರೆ ಊರುಗಳಲ್ಲಿ ಹುಡುಕೋದು ಇನ್ನೂ ಸುಲಭ.

ಮೊದಲ ಸಲ ಹೋದಾಗ ಅಂಗಡಿ ಯಜಮಾನ್ರು ಪೆನ್ನು ಪೇಪರು ತಗೊಂಡು ರೆಡಿಯಾಗಿ ಕೂತ್ರು.

"ಹೇಳಿ ಮೇಡಂ, ಹೆಸರು?"

"ಹೆಸರಿಲ್ಲ ಸಾರ್, ಹುಟ್ಟುಹಬ್ಬದ ಶುಭಾಶಯಗಳು ಅಂತ ಬರ್ಬೇಕು, ಅಷ್ಟೇ."

"ಕೆಳಗೆ ಹುದ್ದೆ?"

"ಹುದ್ದೆ ಇಲ್ಲ."

"ಸಹಿಗೆ ಜಾಗ ಬಿಡ್ಲಾ?"

ಆಮೇಲೆ ನನ್ನ ಹತ್ರ ಇದ್ದ ಒಂದು ಕಾರ್ಡ್ ತೋರಿಸಿದ್ಮೇಲೆ ನಕ್ಕರು. ಇಷ್ಟು ವರ್ಷದಲ್ಲಿ ಕಾರ್ಯದರ್ಶಿ, ಖಜಾಂಚಿ, ಮುಖ್ಯೋಪಾಧ್ಯಾಯರು, ನೋಟರಿ, 'ರದ್ದುಪಡಿಸಲಾಗಿದೆ' ಇವೆಲ್ಲ ಮಾಡಿದೀನಿ, ಶುಭಾಶಯ ಯಾರೂ ಕೇಳಿರ್ಲಿಲ್ಲ ಅಂದ್ರು.

ಅಲ್ಲಿಂದ ಶುರುವಾಯ್ತು ನೋಡಿ ಕಂಪ್ಯೂಟರ್ ಕಾಟ. ತುಂಬಾ ಅಂಗಡಿಗಳಲ್ಲಿ ಇರೋದು ಕೋರೆಲ್ ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರಿನ ಹಳೇ ಆವೃತ್ತಿ, ಅದಕ್ಕೆ ಕನ್ನಡದ ಯೂನಿಕೋಡ್, ಅಂದ್ರೆ ನಾವು ಫೋನಲ್ಲಿ ಟೈಪ್ ಮಾಡೋ ಅಕ್ಷರ, ಅರ್ಥ ಆಗಲ್ಲ. ವಾಟ್ಸಾಪಲ್ಲಿ ಕಳಿಸಿದ ಸಾಲನ್ನ ಕಾಪಿ ಮಾಡಿ ಅಲ್ಲಿ ಹಾಕಿದ ತಕ್ಷಣ ಒತ್ತಕ್ಷರ ಎಲ್ಲಾ ಕೆಳಗಿಂದ ಎದ್ದು ಪಕ್ಕಕ್ಕೆ ಬಂದು ಕೂರುತ್ತೆ, 'ಹುಟ್‌ಟುಹಬ್‌ಬ' ಅಂತ. ಅವರು ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲೋ ಬೇರೆ ಯಾವುದೋ ಹಳೇ ಫಾಂಟಲ್ಲೋ ಮತ್ತೆ ಟೈಪ್ ಮಾಡಿಕೊಡ್ತಾರೆ, ಅದು ಸರಿಯಾಗಿ ಬರುತ್ತೆ, ಆದ್ರೆ ಅದೇ ಸರ್ಕಾರಿ ಸುತ್ತೋಲೆಯ ಅಕ್ಷರ. ಹುಟ್ಟುಹಬ್ಬದ ಕಾರ್ಡಿನ ಮೇಲೆ ಆ ಅಕ್ಷರ ಒತ್ತಿದ್ರೆ ಮಾಹಿತಿ ಹಕ್ಕು ಅರ್ಜಿಗೆ ಉತ್ತರ ಬಂದಿದೆ ಅನ್ಸುತ್ತೆ. ಇದಕ್ಕೆ ಪರಿಹಾರ, ಅಕ್ಷರವನ್ನ ಚಿತ್ರವಾಗಿ ತಗೊಂಡು ಹೋಗೋದು. ಬಿಳಿ ಹಾಳೆ ಮೇಲೆ ಕಪ್ಪು ಬ್ರಶ್ ಪೆನ್ನಲ್ಲಿ ದೊಡ್ಡದಾಗಿ ಬರೆದು, 600 ಡಿಪಿಐ ಸ್ಪಷ್ಟತೆಗೆ ಸ್ಕ್ಯಾನ್ ಮಾಡಿ, ಬೂದು ಬಣ್ಣ ಒಂದು ಚೂರೂ ಉಳೀದ ಹಾಗೆ ಪೂರ್ತಿ ಕಪ್ಪು-ಬಿಳುಪು ಮಾಡಿ ಪೆನ್‌ಡ್ರೈವಲ್ಲಿ ಕೊಡಿ. ಕನ್ನಡಿ ಬಿಂಬ ಮಾಡೋಕೆ ಹೋಗ್ಬೇಡಿ, ಆ ತಿರುಗಿಸೋ ಕೆಲಸ ಅವರೇ ಮಾಡ್ಕೋತಾರೆ, ನೀವೂ ತಿರುಗಿಸಿ ಅವರೂ ತಿರುಗಿಸಿದ್ರೆ ಒತ್ತಿದಾಗ ಉಲ್ಟಾ ಬರುತ್ತೆ.

ನನ್ನ ಹತ್ರ ಇರೋದ್ರಲ್ಲಿ ಒಳ್ಳೇ ಸ್ಟಾಂಪ್ ನಮ್ಮಮ್ಮನ ಕೈಬರಹದ್ದು. ಅವರದು ಗುಂಡು ಗುಂಡು ಅಕ್ಷರ, ಸ್ಲೇಟಲ್ಲಿ ಕಲಿತಿದ್ದು, ತಲೆಕಟ್ಟು ಎಲ್ಲ ಒಂದೇ ಅಳತೆಯಲ್ಲಿ ಇರುತ್ತೆ. "ನನ್ನ ಅಕ್ಷರ ಯಾಕೇ, ಒಳ್ಳೇ ಪ್ರಿಂಟಿಂದು ಹಾಕ್ಸು" ಅಂತ ಗೊಣಗಿಕೊಂಡೇ ಬರೆದುಕೊಟ್ರು. ಈಗ ಬಂದೋರಿಗೆಲ್ಲ ಅವರೇ ತೋರಿಸ್ತಾರೆ.

ಸೈಜಿನ ವಿಷಯಕ್ಕೆ ಬಂದ್ರೆ ಇಂಗ್ಲಿಷಿನ ಲೆಕ್ಕ ಕನ್ನಡಕ್ಕೆ ನಡೆಯಲ್ಲ. ನಮ್ಮ ಸಾಲಿಗೆ ಕೆಳಗೆ ಇನ್ನೊಂದು ಅಂತಸ್ತು ಇದೆ. ಹುಟ್ಟುಹಬ್ಬ ಅಂದ್ರೆ ಟ ಒತ್ತು, ಬ ಒತ್ತು ಎರಡೂ ಕೆಳಗೆ ಇಳೀತವೆ, ಅಕ್ಷರ ಚಿಕ್ಕದಾದ್ರೆ ಒತ್ತು ಇನ್ನೂ ಚಿಕ್ಕದಾಗಿ ಅದರ ಹೊಟ್ಟೆಯೊಳಗೆ ಇಂಕು ತುಂಬ್ಕೊಂಡು ಒಂದು ಚುಕ್ಕೆ ಆಗಿಹೋಗುತ್ತೆ. ಭ ಅಕ್ಷರದ ಒಳಗಿನ ಸಂದೂ ಹೀಗೇ ಮುಚ್ಚಿಹೋಗುತ್ತೆ. ಸಂಕ್ರಾಂತಿಗೂ ಇದೇ ಕಥೆ, ಆ ಕ್ರಾವತ್ತು ಒಂದು ಕಡೆ ಕಾಲು ಚಾಚ್ಕೊಂಡು ಪಕ್ಕದ ಅಕ್ಷರಕ್ಕೆ ತಾಗುತ್ತೆ. ಎರಡು ಸಾಲು ಮಾಡಿಸೋದಾದ್ರೆ ಮಧ್ಯ ಜಾಗ ಜಾಸ್ತಿ ಬಿಡಿಸಿ, ಇಲ್ಲಾಂದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತೆ. 'ಯುಗಾದಿಯ ಶುಭಾಶಯ' ಅನ್ನೋದು ಮಾತ್ರ ವರ, ಒಂದೇ ಒಂದು ಒತ್ತಕ್ಷರ ಇಲ್ಲ, ಎಷ್ಟು ಚಿಕ್ಕದು ಮಾಡಿಸಿದ್ರೂ ನೀಟಾಗಿ ಬರುತ್ತೆ.

ಸ್ಟಾಂಪ್ ಮಾಡೋ ವಿಧಾನದಲ್ಲೂ ಆಯ್ಕೆ ಇದೆ, ಕೇಳಿ ಮಾಡಿಸ್ಕೊಳ್ಳಿ. ಹಿಂದೆಲ್ಲ ಸೀಸದ ಅಕ್ಷರದ ಮೊಳೆ ಜೋಡಿಸಿ, ಅದನ್ನ ಬಿಸಿ ಪ್ರೆಸ್ಸಲ್ಲಿ ಒಂದು ಗಟ್ಟಿ ಬೋರ್ಡಿಗೆ ಒತ್ತಿ ಅಚ್ಚು ತೆಗೆದು, ಆ ಅಚ್ಚಿನ ಮೇಲೆ ಹಸಿ ರಬ್ಬರ್ ಇಟ್ಟು ಮತ್ತೆ ಬಿಸಿ ಮಾಡಿ ಒತ್ತೋರು. ಶಾಖಕ್ಕೆ ಗಂಧಕ ರಬ್ಬರಿನ ಜೊತೆ ಸೇರ್ಕೊಂಡು ರಬ್ಬರ್ ಗಟ್ಟಿಯಾಗುತ್ತೆ, ವಲ್ಕನೈಸ್ ಅಂತಾರಲ್ಲ ಅದು, ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ತಗೊಂಡಿದ್ದು. ಈಗ ಹೆಚ್ಚಾಗಿ ಲೇಸರ್. ಮಷಿನ್ ಒಳಗೆ ರಬ್ಬರ್ ಶೀಟ್ ಹಾಕಿದ್ರೆ ಬೇಡದ ಭಾಗ ಸುಟ್ಟು ತೆಗೆಯುತ್ತೆ, ಆ ವಾಸನೆ ಇಡೀ ಬೀದಿಗೆ ಬರುತ್ತೆ, ಮನೆಗೆ ತಂದು ಸೋಪ್ ನೀರಲ್ಲಿ ಹಳೇ ಬ್ರಶ್ಶಿಂದ ಉಜ್ಜಿದ್ರೆ ಆ ಮಸಿ ಹೋಗುತ್ತೆ. ಇನ್ನೊಂದು ಪಾಲಿಮರ್, ಫಿಲ್ಮ್ ನೆಗೆಟಿವ್ ಮಾಡಿ, ಅದರ ಮೂಲಕ ಪಾಲಿಮರ್ ದ್ರವದ ಮೇಲೆ ಯುವಿ ಬೆಳಕು ಬಿಟ್ಟರೆ ಬೆಳಕು ತಾಗಿದ ಜಾಗ ಗಟ್ಟಿಯಾಗಿ ಮಿಕ್ಕಿದ್ದು ತೊಳೆದು ಹೋಗುತ್ತೆ. ಕಾರ್ಡಿಗೆ ನನಗೆ ಇದು ಇಷ್ಟ, ಪಾರದರ್ಶಕವಾಗಿರೋದ್ರಿಂದ ಎಲ್ಲಿ ಒತ್ತುತಾ ಇದೀವಿ ಅಂತ ಕಾಣುತ್ತೆ. ಮರದ ಹಿಡಿ ಬೇಡ, ಬರೀ ಶೀಟ್ ಕೊಡಿ ಅನ್ನಿ, ಒಂದು ಅಕ್ರಿಲಿಕ್ ತುಂಡಿಗೆ ಅಂಟಿಸ್ಕೊಂಡ್ರೆ ಆಯ್ತು. ಒಳಗೇ ಇಂಕ್ ತುಂಬಿಸಿ ಕೊಡೋ ಟಕ್ ಟಕ್ ಸೀಲ್ ಮಾತ್ರ ಮಾಡಿಸ್ಬೇಡಿ, ಅದರ ಇಂಕ್ ಬದಲಾಯಿಸೋಕೆ ಆಗಲ್ಲ. ಕಾರ್ಡಿನ ಮುಕ್ಕಾಲು ಜೀವ ಇರೋದೇ ಇಂಕಲ್ಲಿ.

ಇಂಕಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಎಡವೋದು ಇಲ್ಲೇ. ಆಫೀಸಲ್ಲಿ ಬಳಸೋ ನೇರಳೆ ಸ್ಟಾಂಪ್ ಪ್ಯಾಡ್ ನೀರಿಗೆ ಕರಗುತ್ತೆ. ಗೆರೆ ಒತ್ತಿ ಒಣಗಿಸಿ ಅದರೊಳಗೆ ಹಳದಿ ಹಚ್ಚೋಕೆ ಹೋದ್ರೆ ನೇರಳೆ ಬಿಟ್ಕೊಂಡು ಹಳದಿ ಕೆಸರಾಗುತ್ತೆ. ವಾಟರ್ ಕಲರ್ ಮಾಡೋದಾದ್ರೆ ಒಣಗಿದ ಮೇಲೆ ನೀರಿಗೆ ಜಗ್ಗದ ಇಂಕ್ ಬೇಕು. ವರ್ಸಾಫೈನ್ ಅಂತ ಬರುತ್ತೆ, ಎಣ್ಣೆ ಸೇರಿರೋ ಪಿಗ್ಮೆಂಟ್ ಇಂಕು, ಸಣ್ಣ ಗೆರೆಯೂ ಚೂಪಾಗಿ ಬರುತ್ತೆ ಆದ್ರೆ ಒಣಗೋದು ನಿಧಾನ. ರೇಂಜರ್ ಕಂಪನಿಯ ಆರ್ಕೈವಲ್ ಇಂಕ್ ಕೂಡ ಪರವಾಗಿಲ್ಲ. ಸ್ಟೇಜ಼್‌ಆನ್ ಅನ್ನೋದು ಗಾಜು, ಪ್ಲಾಸ್ಟಿಕ್ ಮೇಲೂ ಕೂರೋ ಸಾಲ್ವೆಂಟ್ ಇಂಕು, ಕಾರ್ಡಿಗೆ ಅಷ್ಟು ಬೇಡ. ಹೊಸ ಪ್ಯಾಡ್ ತಂದ್ರೆ ಮೊದಲು ಅದೇ ಪೇಪರಿನ ಚೂರಿನ ಮೇಲೆ ಒತ್ತಿ, ಒಣಗೋಕೆ ಬಿಟ್ಟು, ಒದ್ದೆ ಬ್ರಶ್ ಎರಡು ಸಲ ಎಳೆದು ನೋಡಿ. ಡಬ್ಬದ ಮೇಲೆ ವಾಟರ್‌ಪ್ರೂಫ್ ಅಂತ ಬರೆದಿದ್ರೂ ಪೇಪರ್ ಬದಲಾದ್ರೆ ಇಂಕಿನ ಬುದ್ಧಿಯೂ ಬದಲಾಗುತ್ತೆ.

ಕರಗೋ ಇಂಕ್ ದಂಡ ಅಂತ ಎಸೀಬೇಡಿ ಮತ್ತೆ. ಒಂದು ಎಲೆಯ ಸ್ಟಾಂಪನ್ನ ಮಾಮೂಲಿ ನೀಲಿ ಪ್ಯಾಡಲ್ಲಿ ಒತ್ತಿ, ಬರೀ ಒದ್ದೆ ಬ್ರಶ್ಶಿಂದ ಗೆರೆಯನ್ನ ಒಳಗಡೆಗೆ ಎಳೀರಿ. ಗೆರೆ ಕರಗಿ ತಾನೇ ನೆರಳಾಗುತ್ತೆ, ಅಂಚಲ್ಲಿ ಗಾಢ, ನಡುವೆ ತಿಳಿ. ಬಣ್ಣದ ಡಬ್ಬಿ ತೆರೆಯೋದೇ ಬೇಡ. ಡಿಸ್ಟ್ರೆಸ್ ಇಂಕ್ ಅಂತ ದುಬಾರಿ ಪ್ಯಾಡುಗಳನ್ನ ಈ ಕರಗೋ ಗುಣಕ್ಕೇ ಮಾರ್ತಾರೆ, ನಮ್ಮ ಸ್ಟಾಂಪ್ ಪ್ಯಾಡು ಆ ಕೆಲಸವನ್ನ ಅರ್ಧ ಮಟ್ಟಿಗೆ ಪುಕ್ಕಟೆ ಮಾಡುತ್ತೆ.

ಅಚ್ಚು ಒತ್ತಿ ಕೈಯಲ್ಲಿ ಬಣ್ಣ ತುಂಬೋದು ಏನೋ ಈಗಿನ ಕ್ರಾಫ್ಟ್ ಹುಚ್ಚು ಅನ್ಕೋಬೇಡಿ. ಲಂಡನ್ನಲ್ಲಿ 1843ರಲ್ಲಿ ಹೆನ್ರಿ ಕೋಲ್ ಅನ್ನೋರು ಕ್ರಿಸ್ಮಸ್ಸಿಗೆ ಬಂದ ಕಾಗದಗಳಿಗೆಲ್ಲ ಉತ್ತರ ಬರೆಯೋಕೆ ಪುರುಸೊತ್ತಿಲ್ಲದೆ ಜಾನ್ ಕಾಲ್ಕಾಟ್ ಹಾರ್ಸ್ಲಿ ಅನ್ನೋ ಚಿತ್ರಕಾರರ ಹತ್ರ ಒಂದು ಚಿತ್ರ ಬರೆಸಿದ್ರು. ಮಾರಾಟಕ್ಕೆ ಬಂದ ಮೊದಲ ಕ್ರಿಸ್ಮಸ್ ಕಾರ್ಡ್ ಅಂತ ಹೇಳೋದು ಅದನ್ನೇ. ಗೆರೆ ಮಾತ್ರ ಕಲ್ಲಚ್ಚಿನಲ್ಲಿ ಅಚ್ಚಾಗಿತ್ತು, ಬಣ್ಣ ಹಚ್ಚಿದ್ದು ಒಂದೊಂದಕ್ಕೂ ಕೈಯಿಂದ. ಬೆಲೆ 1 ಶಿಲ್ಲಿಂಗ್, ಆ ಕಾಲಕ್ಕೆ ಜಾಸ್ತಿನೇ. 1840ರಲ್ಲಿ ಬಂದ ಪೆನ್ನಿ ಪೋಸ್ಟ್ ಹಿಂದೆ ಓಡಾಡಿದವರಲ್ಲಿ ಇದೇ ಕೋಲ್ ಕೂಡ ಒಬ್ಬರು, ಅಂಚೆ ಅಗ್ಗ ಆಗಿದ್ದಕ್ಕೇ ಕಾಗದಗಳ ರಾಶಿ ಅವರ ಮೇಜಿನ ಮೇಲೇ ಬಂದು ಬಿತ್ತು ಅಂತ ನೆನೆಸ್ಕೊಂಡ್ರೆ ನನಗೆ ನಗು ಬರುತ್ತೆ. ಆ ಚಿತ್ರದಲ್ಲಿ ಮಗು ಕೈಗೆ ವೈನ್ ಕೊಟ್ಟಿದಾರೆ ಅಂತ ಆಗಲೇ ಒಂದಷ್ಟು ಜನ ಗಲಾಟೆ ಮಾಡಿದ್ರಂತೆ!

ಈಗ ಪೇಪರು. ಡ್ರಾಯಿಂಗ್ ಬುಕ್ಕಿನ ಹಾಳೆ ನೀರು ಬಿದ್ದ ತಕ್ಷಣ ಎಣ್ಣೆಗೆ ಬಿಟ್ಟ ಹಪ್ಪಳದ ತರ ಮೇಲೇಳುತ್ತೆ, ಅದರ ಮೇಲೆ ಎಂಥಾ ಬಣ್ಣ ಹಾಕಿದ್ರೂ ಅಷ್ಟೇ. 300 ಜಿಎಸ್‌ಎಂ, ಅಂದ್ರೆ ಚದರ ಮೀಟರಿಗೆ 300 ಗ್ರಾಂ ತೂಗೋ ವಾಟರ್ ಕಲರ್ ಪೇಪರ್ ತಗೊಳ್ಳಿ. ಅಂಗಡೀಲಿ ಕೋಲ್ಡ್ ಪ್ರೆಸ್, ಹಾಟ್ ಪ್ರೆಸ್ ಅಂತ ಎರಡು ಕೊಡ್ತಾರೆ. ಕೋಲ್ಡ್ ಪ್ರೆಸ್ ತರಿ ತರಿ, ಬಣ್ಣಕ್ಕೆ ಅದು ಚೆಂದ. ಆದ್ರೆ ಸ್ಟಾಂಪಿಗೆ ಆ ತರಿಯೇ ಶತ್ರು, ಗುಂಡಿ ಇದ್ದ ಕಡೆ ರಬ್ಬರ್ ತಾಗದೆ ಗೆರೆ ಕಡಿದು ಕಡಿದು ಬರುತ್ತೆ, ಅಮ್ಮನ ಅಕ್ಷರದ ತಲೆಕಟ್ಟೇ ಹಾರಿಹೋಗುತ್ತೆ. ಹಾಟ್ ಪ್ರೆಸ್ ನುಣುಪು, ಅಚ್ಚು ಕಡೆದಿಟ್ಟ ಹಾಗೆ ಕೂರುತ್ತೆ, ಆದ್ರೆ ಬಣ್ಣ ಅಷ್ಟು ಹರಡಲ್ಲ, ಅಂಚು ಬೇಗ ಒಣಗಿ ಗೆರೆ ಕಟ್ಟುತ್ತೆ. ನಾನು ಮಾಡೋದು ಏನಂದ್ರೆ ಅಕ್ಷರಕ್ಕೆ ನುಣುಪಿನ ಬೇರೆ ತುಂಡು, ಚಿತ್ರಕ್ಕೆ ತರಿಯ ಬೇರೆ ತುಂಡು, ಎರಡನ್ನೂ ಒಂದು ಸಾದಾ ಕಾರ್ಡಿಗೆ ಡಬಲ್ ಟೇಪಲ್ಲಿ ಅಂಟಿಸೋದು. ಇದರಿಂದ ಇನ್ನೊಂದು ಲಾಭ, ಪೇಂಟಿಂಗ್ ಕೆಟ್ರೆ ಇಡೀ ಕಾರ್ಡ್ ಹೋಗಲ್ಲ.

ನಮ್ಮ ಉತ್ತರ ಕರ್ನಾಟಕದ ತಾರಿಹಾಳದಲ್ಲೇ ವಾಟರ್ ಕಲರ್ ಪೇಪರ್ ಮಾಡ್ತಾರೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಖಾದಿ ಪೇಪರ್ಸ್ ಅಂತ, ಟೀ ಶರ್ಟ್ ಹೊಲಿಯುವಾಗ ಉಳಿಯೋ ಹತ್ತಿ ಬಟ್ಟೆ ಚೂರುಗಳಿಂದ ಕೈಯಲ್ಲಿ ತೆಗೆದ ಹಾಳೆ, ವಿದೇಶದ ಕಲಾವಿದರು ಹುಡುಕಿ ತರಿಸ್ಕೋತಾರೆ. ನಾಲ್ಕೂ ಅಂಚು ಕತ್ತರಿಸದೆ ಹಾಗೇ ಹರಿದ ಹಾಗಿರುತ್ತೆ, ಆ ಅಂಚೇ ಕಾರ್ಡಿಗೆ ಅಲಂಕಾರ. ತರಿ ಜಾಸ್ತಿ ಇರೋದ್ರ ಮೇಲೆ ಸಣ್ಣ ಅಕ್ಷರದ ಸ್ಟಾಂಪ್ ಬೇಡ, ದಪ್ಪ ಗೆರೆಯ ಹೂವು, ಮಾವಿನೆಲೆ ಇಂಥದ್ದಕ್ಕೆ ಸರಿಯಾಗುತ್ತೆ. ರಬ್ಬರಿನ ಬದಲು ಬಟ್ಟೆಗೆ ಒತ್ತೋ ಮರದ ಅಚ್ಚು ಬಳಸೋರಿಗೂ ಒಂದು ಮಾತು, ಮರ ಬಾಗಲ್ಲ, ಅದಕ್ಕೇ ಬಟ್ಟೆ ಮೇಲೆ ಅಚ್ಚು ಹಾಕೋರ ಮೇಜಿನ ಮೇಲೆ ಪದರ ಪದರ ಬಟ್ಟೆ ಹಾಸಿರ್ತಾರೆ. ನೀವೂ ಕಾರ್ಡಿನ ಕೆಳಗೆ ಹಳೇ ಮೌಸ್ ಪ್ಯಾಡೋ ನಾಲ್ಕು ಮಡಿಕೆ ಪೇಪರೋ ಇಟ್ಕೊಳ್ಳಿ, ಆಗ ಪೂರ್ತಿ ಬೀಳುತ್ತೆ.

ಬಣ್ಣಕ್ಕೆ ತಲೆ ಕೆಡಿಸ್ಕೋಬೇಡಿ. ಕ್ಯಾಮ್ಲಿನ್ ಟ್ಯೂಬ್ ಸಾಕು, ನಾನು ಅದರಲ್ಲೇ ಮಾಡೋದು. ಬಾಕ್ಸಲ್ಲಿ ಇರೋ ರೆಡಿಮೇಡ್ ಹಸಿರು ಹಾಗೇ ಹಚ್ಚಿದ್ರೆ ಪ್ಲಾಸ್ಟಿಕ್ ಎಲೆ ಆಗುತ್ತೆ, ಅದಕ್ಕೆ ಒಂಚೂರು ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಪು-ಕಂದು ಬಣ್ಣ ಸೇರಿಸಿ, ನಮ್ಮ ಮಾವಿನೆಲೆ ಬಣ್ಣಕ್ಕೆ ಬರುತ್ತೆ. ಕಪ್ಪು ಟ್ಯೂಬ್ ಮುಟ್ಟೋದೇ ಬೇಡ. ಅಲ್ಟ್ರಾಮರೀನ್ ಬ್ಲೂ ಜೊತೆ ಇದೇ ಬರ್ನ್ಟ್ ಸಿಯೆನ್ನಾ ಕಲಸಿದ್ರೆ ಒಳ್ಳೇ ಬೂದು ಸಿಗುತ್ತೆ, ನೀಲಿ ಜಾಸ್ತಿ ಮಾಡಿದ್ರೆ ಮಳೆ ಮೋಡ, ಕಂದು ಜಾಸ್ತಿ ಮಾಡಿದ್ರೆ ಹಳೇ ಗೋಡೆ.

ನನ್ನ ಅತಿ ಇಷ್ಟದ ಕಾರ್ಡು ಪಾರಿಜಾತದ್ದು. ಬೆಳಗ್ಗೆ ಮರದ ಕೆಳಗೆ ಬಿದ್ದಿರೋ ಹೂವನ್ನ ನೋಡ್ಕೊಂಡು ಗೆರೆ ಬರೆದು ಸ್ಟಾಂಪ್ ಮಾಡಿಸಿದ್ದು, ಒಂದೇ ಸ್ಟಾಂಪು, ಅದನ್ನೇ ತಿರುಗಿಸಿ ತಿರುಗಿಸಿ ಐದಾರು ಕಡೆ ಒತ್ತಿದ್ರೆ ಒಂದು ಬೀಳುಹೂವಿನ ರಾಶಿ ಆಗುತ್ತೆ. ಒಂದರ ಮೇಲೊಂದು ಬಿದ್ದ ಹಾಗೆ ಕಾಣ್ಬೇಕಂದ್ರೆ ಮೊದಲ ಹೂವನ್ನ ತೆಳು ಸ್ಟಿಕಿ ನೋಟಿಗೂ ಒತ್ತಿ ಕತ್ತರಿಸ್ಕೊಂಡು, ಅದರಿಂದ ಮೊದಲಿನದನ್ನ ಮುಚ್ಚಿ, ಎರಡನೇದನ್ನ ಅರ್ಧ ಅದರ ಮೇಲೆ ಬರೋ ಹಾಗೆ ಒತ್ತೋದು. ಕಾಗದ ತೆಗೆದಾಗ ಎರಡನೇ ಹೂವು ಹಿಂದೆ ಹೋಗಿರುತ್ತೆ.

ತಮಾಷೆ ಏನಂದ್ರೆ ಬಿಳಿ ಕಾಗದದ ಮೇಲೆ ಬಿಳಿ ಹೂವು, ಬಣ್ಣ ಎಲ್ಲಿ ಹಚ್ತೀರಾ? ಎಸಳಿಗೆ ಏನೂ ಹಚ್ಚಬಾರದು, ಸುತ್ತ ಇರೋ ಜಾಗಕ್ಕೆ ಹಚ್ಚಬೇಕು. ಹೂವಿನ ಹೊರಗಡೆ ಬ್ರಶ್ಶಿಂದ ಬರೀ ನೀರು ಬಳಿದು, ಅದು ಇನ್ನೂ ಮಿರುಗ್ತಾ ಇರುವಾಗಲೇ ಆ ಬೂದು-ಹಸಿರನ್ನ ತುದಿಯಿಂದ ತಾಗಿಸಿದ್ರೆ ಅದೇ ಓಡಾಡ್ಕೊಂಡು ಎಸಳಿನ ಅಂಚಿಗೆ ಬಂದು ನಿಲ್ಲುತ್ತೆ, ಒಣ ಕಾಗದಕ್ಕೆ ದಾಟಲ್ಲ. ಆಮೇಲೆ ಎಸಳಿನ ಬುಡದಲ್ಲಿ ತೀರಾ ನೀರಾದ ಬೂದು ಒಂದೆಳೆ, ನೆರಳಿಗೆ. ಕೊನೆಗೆ ನಡುವಿನ ಕೇಸರಿ ಚುಕ್ಕೆ. ಇದನ್ನ ಪೂರ್ತಿ ಒಣಗಿದ ಮೇಲೇ ಇಡಬೇಕು, ಆತುರ ಪಟ್ರೆ ಕೇಸರಿ ಬಿಳಿಗೆಲ್ಲ ಹರಡುತ್ತೆ. ಆ ಕೇಸರಿ ತೊಟ್ಟಿನಿಂದಲೇ ಹಿಂದೆ ರೇಷ್ಮೆಗೆ ಬಣ್ಣ ಹಾಕ್ತಿದ್ರು, ಹೂವನ್ನ ಬೆರಳಲ್ಲಿ ಹಿಚುಕಿ ನೋಡಿ, ಕೈಗೇ ಹತ್ತುತ್ತೆ. ಮಳೆಗಾಲದಲ್ಲಿ ಒಂದು ಪದರ ಒಣಗೋಕೆ ಎಷ್ಟು ಹೊತ್ತು ಬೇಕಾಗುತ್ತೆ ಅಂದ್ರೆ ಅಷ್ಟರಲ್ಲಿ ಸಾರು ಕುದಿಸಿ ಇಳಿಸಬಹುದು. ಹೇರ್ ಡ್ರೈಯರ್ ಹಿಡೀಬಹುದು, ಆದ್ರೆ ನೀರು ಮಿರುಗ್ತಾ ಇರುವಾಗ ಹಿಡಿದ್ರೆ ಗಾಳಿಗೆ ಬಣ್ಣ ಎಲ್ಲೆಲ್ಲೋ ಓಡುತ್ತೆ.

ಎಂಬಾಸಿಂಗ್ ಅಂತ ಇನ್ನೊಂದು ಆಟ ಇದೆ, ಅಂಟಂಟಾದ ಬಣ್ಣವಿಲ್ಲದ ಇಂಕಲ್ಲಿ ಸ್ಟಾಂಪ್ ಒತ್ತಿ, ಅದರ ಮೇಲೆ ಪುಡಿ ಉದುರಿಸಿ, ಮಿಕ್ಕಿದ್ದು ಕೊಡವಿ, ಹೀಟ್ ಗನ್ನಲ್ಲಿ ಬಿಸಿ ಮಾಡಿದ್ರೆ ಪುಡಿ ಕರಗಿ ಉಬ್ಬಿ ನಿಲ್ಲುತ್ತೆ. ಪುಡಿ ಅಂದ್ರೆ ಒಂದು ಜಾತಿ ಪ್ಲಾಸ್ಟಿಕ್ಕೇ, ಅದಕ್ಕೇ ನೀರು ಹಿಡಿಯಲ್ಲ. ಬಿಳಿ ಪುಡಿಯಲ್ಲಿ ರಂಗೋಲಿ ಎಳೆ ಒತ್ತಿ ಮೇಲೆ ಕೆಮ್ಮಣ್ಣು ಬಣ್ಣ ಬಳಿದ್ರೆ, ಸಾರಿಸಿದ ಅಂಗಳದ ಮೇಲೆ ರಂಗೋಲಿ ಇಟ್ಟಿರೋದೇ ಕಾಣುತ್ತೆ, ಸಂಕ್ರಾಂತಿ ಕಾರ್ಡಿಗೆ ಇದಕ್ಕಿಂತ ಬೇರೆ ಬೇಡ. ಹೇರ್ ಡ್ರೈಯರ್ ಇಲ್ಲಿ ಕೆಲಸಕ್ಕೆ ಬರಲ್ಲ, ಶಾಖ ಸಾಲದು, ಪುಡಿ ಹಾರಿಹೋಗುತ್ತೆ. ಹೀಟ್ ಗನ್ ಇಲ್ಲದವರು ಕಾದ ಕಾವಲಿಯ ಮೇಲೆ ಕಾಗದವನ್ನ ತಾಗಿಸದೆ ಹಿಡಿದು ಕೆಳಗಿಂದ ಕಾಯಿಸಿದ್ರೂ ಕರಗುತ್ತೆ, ಬೆರಳು ಜೋಪಾನ. ಮಕ್ಕಳ ಕೈಗೆ ಇದೆಲ್ಲ ಕೊಡೋಕೆ ಆಗಲ್ಲ, ಅವಕ್ಕೆ ಒಂದು ಬಿಳಿ ಮೇಣದಬತ್ತಿ ಕೊಡಿ. ನನ್ನ ತಂಗಿ ಮಗ ಮೇಣದಲ್ಲಿ ಏನೋ ಗುಟ್ಟಾಗಿ ಬರೆದು, ಮೇಲೆ ನೀಲಿ ಬಳಿದು, ಅಕ್ಷರ ಮೇಲೆದ್ದು ಬರೋದನ್ನ ನೋಡಿ ಕುಣೀತಾನೆ. ಬರೆದಿರೋದು ಮಾತ್ರ ಪ್ರತೀ ಸಲ ಅವನ ಹೆಸರೇ, ಕಾರ್ಡ್ ಯಾರಿಗಾದ್ರೂ ಇರ್ಲಿ.

ಅದೇ ಮೇಣದಬತ್ತಿ ಪೋಸ್ಟ್ ಮಾಡುವಾಗಲೂ ಬೇಕಾಗುತ್ತೆ. ಕವರ್ ಮೇಲೆ ವಿಳಾಸ ಬರೆದು ಒಣಗಿದ ಮೇಲೆ ಅದರ ಮೇಲೆ ಮೇಣ ಉಜ್ಜಿ, ಜುಲೈ ಮಳೆಯಲ್ಲಿ ಪೋಸ್ಟ್‌ಮ್ಯಾನ್ ಚೀಲ ನೆನೆದ್ರೂ ಪಿನ್ ಕೋಡ್ ಅಳಿಸಲ್ಲ. ಅಂಚೆ ಸ್ಟಾಂಪ್ ಅಂಟಿಸೋ ಜಾಗಕ್ಕೆ ಮಾತ್ರ ಮೇಣ ತಾಗಿಸ್ಬೇಡಿ, ಅಂಟಲ್ಲ. ತೂಕದ ಲೆಕ್ಕವೂ ಹೇಳ್ಬಿಡ್ತೀನಿ. ಎ5 ಸೈಜಿನ 250 ಜಿಎಸ್‌ಎಂ ಹಾಳೆ ಮಡಚಿದ ಕಾರ್ಡು ಸುಮಾರು 8 ಗ್ರಾಂ, ಮೇಲೆ ಅಂಟಿಸಿದ ಪೇಂಟಿಂಗ್ ಸುಮಾರು 4 ಗ್ರಾಂ, ಕವರ್ ಒಂದು 5 ಗ್ರಾಂ ಹಿಡೀರಿ. 20 ಗ್ರಾಂ ಒಳಗೇ ಆಯ್ತು, 5 ರೂಪಾಯಿ ಸ್ಟಾಂಪಲ್ಲಿ ಹೋಗುತ್ತೆ. ಅದರ ಮೇಲೆ ರಿಬ್ಬನ್ನು, ಮಣಿ, ಇನ್ನೊಂದು ಪದರ ಅಂತ ಆಸೆ ಪಟ್ರೆ 20 ದಾಟುತ್ತೆ, ಇನ್ನೊಂದು 5 ರೂಪಾಯಿ ಹಚ್ಚಿ, ಇಲ್ಲಾಂದ್ರೆ ಕಾರ್ಡ್ ಬಂದೋರ ಕೈಯಿಂದ ದುಡ್ಡು ವಸೂಲಿ ಮಾಡ್ತಾರೆ, ಮರ್ಯಾದೆ ಪ್ರಶ್ನೆ. ಮಣಿ ಅಂತೂ ನಾನು ಹಾಕೋದೇ ಬಿಟ್ಟಿದೀನಿ, ಪೋಸ್ಟಾಫೀಸಲ್ಲಿ ಮುದ್ರೆ ಹಾಕೋ ಏಟಿಗೆ ಒಳಗೇ ಒಡೆದು ಕಾಗದಕ್ಕೆ ಗಾಯ ಮಾಡುತ್ತೆ.

ಈಗ ನನ್ನ ಕೈಲಿರೋ ಕೆಲಸ 'ವಿವಾಹ ವಾರ್ಷಿಕೋತ್ಸವದ ಶುಭಾಶಯಗಳು'. ನೋಡಿ ಒಂದ್ಸಲ, ರ್ಷಿ ಅನ್ನೋದರ ಅರ್ಕಾವತ್ತು, ತ್ಸ, ಅದೂ ಇಷ್ಟುದ್ದದ ಸಾಲು, ಅಂಗುಲದ ಸ್ಟಾಂಪಲ್ಲಿ ಕೂರೋ ಮಾತೇ ಇಲ್ಲ. ಅಂಗಡಿ ಯಜಮಾನ್ರು "ಎರಡು ಪೀಸ್ ಮಾಡ್ಸಿ ಮೇಡಂ, ಶುಭಾಶಯಗಳು ಅನ್ನೋದು ನಿಮ್ಮ ಹತ್ರ ಆಗಲೇ ಇದ್ಯಲ್ಲ" ಅಂತಾರೆ. ನಮ್ಮಮ್ಮ "ಮದುವೆ ದಿನದ ಶುಭಾಶಯ ಅಂತ ಹಾಕ್ಸೇ, ಯಾವ ಒತ್ತೂ ಇಲ್ಲ" ಅಂತಾರೆ. ಬಹುಶಃ ಅಮ್ಮ ಹೇಳಿದ್ದನ್ನೇ ಮಾಡಿಸ್ತೀನಿ, ಶನಿವಾರ ಪೆನ್‌ಡ್ರೈವ್ ತಗೊಂಡು ಹೋಗೋದಿದೆ.